ನಾಯ್ಸ್ ತೆಗೆಯುವ, ಶಾರ್ಪ್ ಮಾಡುವ ನಮ್ಮ ಕ್ರಮ ಬದಲಾಗುತ್ತಿದೆ

ಆತ್ಮೀಯ ಗ್ರಾಹಕರೇ,

ನಮ್ಮ ಲ್ಯಾಬಿಗೆ ಬರುವ ರಾ ಫೈಲುಗಳಿಗೆಲ್ಲ (ಕ್ಯಾಮೆರಾ ದಾಖಲಿಸಿದ, ಸಂಸ್ಕರಿಸದ ಮೂಲ ಫೈಲುಗಳು) ಒಂದೇ ಅಳತೆಯ ನಾಯ್ಸ್ ರಿಡಕ್ಷನ್ (ಚಿತ್ರದಲ್ಲಿ ಕಾಣುವ ಕಾಳುಗಳನ್ನು ತಗ್ಗಿಸುವುದು) ಮತ್ತು ಶಾರ್ಪ್‌ನಿಂಗ್ ಹಾಕುವುದನ್ನು ಮುಂದಿನ ತಿಂಗಳಿನಿಂದ ನಿಲ್ಲಿಸುತ್ತಿದ್ದೇವೆ. ಇನ್ನು ಮೇಲೆ ಪ್ರತಿ ಫೋಟೋವನ್ನೂ ಅದರ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಅಂಕಿ), ಅದರಲ್ಲಿರುವ ವಸ್ತು, ಪ್ರಿಂಟಿನ ಅಳತೆ ಈ ಮೂರನ್ನೂ ನೋಡಿಕೊಂಡು ಹದ ಮಾಡುತ್ತೇವೆ. ನಿಮ್ಮ ಕೆಲವು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದಾಗ ಮೊದಲಿಗಿಂತ ತುಸು ಹೆಚ್ಚು ಕಾಳುಕಾಳಾಗಿ ಕಾಣಬಹುದು. ಬೇಕೆಂದೇ ಉಳಿಸಿದ ಕಾಳು ಅದು. ಯಾಕೆ ಉಳಿಸುತ್ತೇವೆ ಎಂದು ನಿಮಗೆ ಸರಿಯಾಗಿ ಹೇಳಬೇಕಾದದ್ದು ನಮ್ಮ ಹೊಣೆ.

ನಾಯ್ಸ್ ರಿಡಕ್ಷನ್ ಅಕ್ಕಪಕ್ಕದ ಪಿಕ್ಸೆಲ್‌ಗಳ ನಡುವಿನ ಸಣ್ಣ ವ್ಯತ್ಯಾಸವನ್ನು ಸವರಿ ಸಮ ಮಾಡುತ್ತದೆ. ಶಾರ್ಪ್‌ನಿಂಗ್ ಅದೇ ವ್ಯತ್ಯಾಸವನ್ನು ಎತ್ತಿ ತೋರಿಸುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಸ್ಥಿತಿ. ಮೊದಲು ಜೋರಾಗಿ ಸವರಿ, ಕಳೆದುಹೋದ ವಿವರ ವಾಪಸ್ ಬರಲಿ ಎಂದು ಆಮೇಲೆ ಜೋರಾಗಿ ಶಾರ್ಪ್ ಮಾಡಿದರೆ ವಿವರ ಬರುವುದಿಲ್ಲ. ಸವರಿದ ಗುರುತುಗಳೇ ಗಟ್ಟಿಯಾಗುತ್ತವೆ. ಕೆನ್ನೆ ಮೇಣ ಬಳಿದಂತಾಗುತ್ತದೆ, ಎಲೆಗಳ ಗುಂಪು ಜಲವರ್ಣದ ಕಲೆಯಂತಾಗುತ್ತದೆ, ಕೂದಲಿನ ಎಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನಾಯ್ಸ್ ಹೆಚ್ಚಾಗಿ ಹುಟ್ಟುವುದು ಬೆಳಕಿನ ಕೊರತೆಯಿಂದ. ಬೆಳಕು ಸೆನ್ಸರಿನ ಮೇಲೆ ಹನಿಹನಿಯಾಗಿ ಬೀಳುತ್ತದೆ, ಎಲ್ಲ ಪಿಕ್ಸೆಲ್‌ಗೂ ಸಮನಾಗಿ ಬೀಳುವುದಿಲ್ಲ. ಬೆಳಕು 4 ಪಟ್ಟು ಹೆಚ್ಚಾದರೆ ನಾಯ್ಸ್‌ಗೆ ಹೋಲಿಸಿದ ಚಿತ್ರದ ಬಲ 2 ಪಟ್ಟು ಹೆಚ್ಚುತ್ತದೆ, ಅಷ್ಟೇ. ಆದ್ದರಿಂದಲೇ ನೆರಳಿನ ಭಾಗದಲ್ಲಿ ಕಾಳು ಎದ್ದು ಕಾಣುವುದು. ಐಎಸ್‌ಒ 800ರಲ್ಲಿ ಕಪ್ಪಾಗಿ ತೆಗೆದ ಫೋಟೋವನ್ನು ಎಡಿಟಿಂಗ್‌ನಲ್ಲಿ 2 ಸ್ಟಾಪ್, ಅಂದರೆ 4 ಪಟ್ಟು, ಎತ್ತಿದರೆ ಅದು ಹೆಚ್ಚುಕಡಿಮೆ 3200ರ ಫೋಟೋದಂತೆಯೇ ವರ್ತಿಸುತ್ತದೆ. ಫೈಲಿನಲ್ಲಿ 800 ಎಂದು ಬರೆದಿದ್ದರೂ ನಾವು ಅದನ್ನು 3200 ಎಂದೇ ಲೆಕ್ಕ ಹಾಕುತ್ತೇವೆ. ಲೆನ್ಸಿನ ಮೂಲೆಗತ್ತಲೆ ಸರಿಪಡಿಸಿದಾಗಲೂ ಇದೇ ಆಗುತ್ತದೆ: ಮೂಲೆಗಳನ್ನು ಬೆಳಗಿಸಿದಷ್ಟೂ ಅಲ್ಲಿ ನಾಯ್ಸ್ ಮೇಲೇಳುತ್ತದೆ.

ಹಾಗಾದರೆ ಶಾರ್ಪ್‌ನಿಂಗೇ ಬೇಡವೆನ್ನಬಹುದಲ್ಲ? ಆಗುವುದಿಲ್ಲ. ಬಹುತೇಕ ಕ್ಯಾಮೆರಾಗಳಲ್ಲಿ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಗಳಲ್ಲಿ ಒಂದನ್ನು ಮಾತ್ರ ಅಳೆಯುತ್ತದೆ. ಉಳಿದ ಎರಡು ಬಣ್ಣಗಳನ್ನು ಸಾಫ್ಟ್‌ವೇರ್ ನೆರೆಯ ಪಿಕ್ಸೆಲ್‌ಗಳಿಂದ ಊಹಿಸಿ ತುಂಬುತ್ತದೆ. ಈ ಊಹೆಯಲ್ಲಿ ಅಂಚುಗಳು ಸ್ವಲ್ಪ ಮೆತ್ತಗಾಗುತ್ತವೆ. ಫೋಕಸ್ ಎಷ್ಟೇ ನಿಖರವಾಗಿದ್ದರೂ ರಾ ಫೈಲ್ ಮಂಕಾಗಿ ಕಾಣುವುದು ಇದರಿಂದ. ಅದೇ ಊಹೆ ಒಂದು ಪಿಕ್ಸೆಲ್‌ನ ನಾಯ್ಸನ್ನು ಸುತ್ತಲಿನವಕ್ಕೂ ಹರಡುತ್ತದೆ. ಹಾಗಾಗಿ ನಾಯ್ಸ್ ಕೆಲಸವನ್ನು ರಾ ಹಂತದಲ್ಲೇ, ಶಾರ್ಪ್ ಮಾಡುವುದಕ್ಕಿಂತ ಮೊದಲು ಮಾಡಬೇಕು. ಜೆಪೆಗ್ ಆದ ಮೇಲೆ ಕಾಳಿನ ಜೊತೆ 8×8 ಪಿಕ್ಸೆಲ್‌ನ ಕಂಪ್ರೆಷನ್ ಚೌಕಗಳೂ ಸೇರಿಕೊಂಡಿರುತ್ತವೆ. ಶಾರ್ಪ್ ಮಾಡಿದರೆ ಮೊದಲು ಎದ್ದು ನಿಲ್ಲುವುದು ಅವೇ.

ಹೊಸ ಕ್ರಮವನ್ನು ಒಂದು ಫೋಟೋದ ಮೇಲೆ ತೋರಿಸುತ್ತೇವೆ. ಐಎಸ್‌ಒ 6400ರಲ್ಲಿ ತೆಗೆದ ಮುಖ, ಹಿಂದೆ ಮಸುಕಾದ ಕತ್ತಲು ಎಂದುಕೊಳ್ಳಿ. ಅಂಕಿಗಳೆಲ್ಲ ಲೈಟ್‌ರೂಮ್‌ನವು, ಬೇರೆ ಸಾಫ್ಟ್‌ವೇರಿನಲ್ಲಿ ಅಳತೆ ಬೇರೆ, ತರ್ಕ ಒಂದೇ. ಎಕ್ಸ್‌ಪೋಶರ್ ಮತ್ತು ನೆರಳನ್ನು ಮೊದಲು ಸರಿಮಾಡಿ ಚಿತ್ರವನ್ನು ಪರದೆಯ ಮೇಲೆ 100%ಗೆ (ಚಿತ್ರದ ಒಂದು ಪಿಕ್ಸೆಲ್‌ಗೆ ಪರದೆಯ ಒಂದು ಪಿಕ್ಸೆಲ್) ತರುತ್ತೇವೆ. ಶಾರ್ಪ್‌ನಿಂಗ್ ಅಮೌಂಟನ್ನು ಸದ್ಯಕ್ಕೆ 0ಗೆ ಇಳಿಸುತ್ತೇವೆ, ಇಲ್ಲವಾದರೆ ನೋಡುತ್ತಿರುವುದು ನಿಜವಾದ ನಾಯ್ಸೋ ಶಾರ್ಪ್‌ನಿಂಗ್ ಉಬ್ಬಿಸಿದ್ದೋ ತಿಳಿಯುವುದಿಲ್ಲ. ಬಣ್ಣದ ಚುಕ್ಕೆ ತೆಗೆಯುವ ಕಲರ್ ನಾಯ್ಸ್ ಸ್ಲೈಡರ್ ಮೊದಲೇ 25ರಲ್ಲಿ ಇರುತ್ತದೆ. ಕತ್ತಲಿನಲ್ಲಿ ಕೆಂಪು, ಹಸಿರು ಚುಕ್ಕೆ ಇನ್ನೂ ಉಳಿದಿದ್ದರೆ 35, 40ರವರೆಗೆ ಏರಿಸುತ್ತೇವೆ. ಬಣ್ಣದ ಚುಕ್ಕೆಗಳ ವಿಷಯದಲ್ಲಿ ನಮಗೆ ದಾಕ್ಷಿಣ್ಯವಿಲ್ಲ, ಅವು ಹೋಗಲೇಬೇಕು. ತೀರಾ ಹೆಚ್ಚಿಸಿದರೆ ತುಟಿಯ ಬಣ್ಣ ಪಕ್ಕದ ಚರ್ಮಕ್ಕೆ ಸೋರುತ್ತದೆ, ಅದೊಂದನ್ನು ಗಮನಿಸಬೇಕು.

ಲ್ಯೂಮಿನನ್ಸ್ ನಾಯ್ಸ್, ಅಂದರೆ ಬಣ್ಣವಿಲ್ಲದೆ ಬರೀ ಹೊಳಪಿನಲ್ಲಿ ಏರಿಳಿಯುವ ಕಾಳು, ಹಾಗಲ್ಲ. ಅದು ಫಿಲ್ಮಿನ ಕಾಳಿನ ಹಾಗೆ, ಕಣ್ಣು ಅದನ್ನು ಸಹಿಸುತ್ತದೆ. ಸ್ಲೈಡರನ್ನು 0ಯಿಂದ ನಿಧಾನವಾಗಿ ಏರಿಸುತ್ತ ರೆಪ್ಪೆಯ ಕೂದಲನ್ನೇ ನೋಡುತ್ತಿರುತ್ತೇವೆ. ಕೆನ್ನೆಯನ್ನು ನೋಡಿಕೊಂಡು ಏರಿಸಿದರೆ ಕೈ ತಡೆಯುವುದೇ ಇಲ್ಲ. ಎರಡು ರೆಪ್ಪೆಕೂದಲು ಒಂದಾಗತೊಡಗಿದ ಕೂಡಲೇ ನಿಲ್ಲಿಸಿ 5 ಅಂಕ ಹಿಂದೆ ಬರುತ್ತೇವೆ. ಇಂಥ ಫೋಟೋಗಳಲ್ಲಿ ಅದು ಸಾಮಾನ್ಯವಾಗಿ 20ರಿಂದ 30ರ ನಡುವೆ ನಿಲ್ಲುತ್ತದೆ. ಎಐ ಡಿನಾಯ್ಸ್ ಬಳಸಿದರೆ ಈ ಸ್ಲೈಡರಿನ ಗೋಜೇ ಬೇಡ. ಆದರೆ ಅದನ್ನೂ ಪೂರ್ತಿ ಬಲದಲ್ಲಿ ಬಿಡುವುದಿಲ್ಲ, ಇಲ್ಲದ ಚರ್ಮರಂಧ್ರ, ಇಲ್ಲದ ಕೂದಲೆಳೆಗಳನ್ನು ಅದು ಕೆಲವೊಮ್ಮೆ ಬರೆದುಬಿಡುತ್ತದೆ.

ಶಾರ್ಪ್‌ನಿಂಗ್ ಇದರ ನಂತರ. ಅಮೌಂಟ್ (ಬಲ) 40, ರೇಡಿಯಸ್ (ಅಂಚಿನ ಸುತ್ತ ಎಷ್ಟು ಅಗಲಕ್ಕೆ) 1.0, ಡೀಟೇಲ್ (ಸಣ್ಣ ವಿವರಗಳ ಮೇಲಿನ ಒತ್ತು) 25 ಎಂಬುದು ಸಾಫ್ಟ್‌ವೇರ್ ಕೊಡುವ ಆರಂಭದ ಅಳತೆ. ಮುಖಕ್ಕೆ ಅಮೌಂಟನ್ನು ಅಲ್ಲೇ ಬಿಟ್ಟು ಡೀಟೇಲನ್ನು 10ರ ಆಸುಪಾಸಿಗೆ ಇಳಿಸುತ್ತೇವೆ, ಏಕೆಂದರೆ ನಾಯ್ಸನ್ನೂ ವಿವರವೆಂದು ಭ್ರಮಿಸಿ ಎತ್ತಿ ಹಿಡಿಯುವುದು ಡೀಟೇಲ್ ಸ್ಲೈಡರೇ. ನಿಜವಾದ ಉಪಕಾರಿ ಮಾಸ್ಕಿಂಗ್. ಆಲ್ಟ್ ಕೀ ಒತ್ತಿ ಹಿಡಿದು (ಮ್ಯಾಕ್‌ನಲ್ಲಿ ಆಪ್ಷನ್ ಕೀ) ಮಾಸ್ಕಿಂಗ್ ಎಳೆದರೆ ಚಿತ್ರ ಕಪ್ಪುಬಿಳುಪಾಗುತ್ತದೆ: ಬಿಳಿ ಇರುವಲ್ಲಿ ಶಾರ್ಪ್ ಆಗುತ್ತದೆ, ಕಪ್ಪು ಇರುವಲ್ಲಿ ಆಗುವುದಿಲ್ಲ. ಕೆನ್ನೆ, ಹಣೆ, ಹಿನ್ನೆಲೆ ಕಪ್ಪಾಗಿ, ರೆಪ್ಪೆ, ಹುಬ್ಬು, ತುಟಿಯಂಚು ಮಾತ್ರ ಬಿಳಿ ಗೆರೆಗಳಾಗಿ ಉಳಿಯುವವರೆಗೆ ಎಳೆಯುತ್ತೇವೆ. 60ರಿಂದ 80ರೊಳಗೆ ಆ ಜಾಗ ಸಿಗುತ್ತದೆ. ಇದೊಂದು ಸ್ಲೈಡರನ್ನು 0ಯಲ್ಲೇ ಬಿಟ್ಟು ಪಟ್ಟ ಕಷ್ಟಕ್ಕೆ ಲೆಕ್ಕವಿಲ್ಲ. ಮನೆಯಲ್ಲೇ ಎಡಿಟ್ ಮಾಡುವವರು ಬೇರೇನನ್ನು ಮರೆತರೂ ಇದನ್ನು ಮರೆಯಬೇಡಿ.

ಐಎಸ್‌ಒ 100ರ ನಿಸರ್ಗಚಿತ್ರಕ್ಕೆ ಲೆಕ್ಕ ಬೇರೆ. ಲ್ಯೂಮಿನನ್ಸ್ 0, ಅಮೌಂಟ್ 50–60, ಸಣ್ಣ ಎಲೆಗಳಿಗಾಗಿ ರೇಡಿಯಸ್ 0.7, ಆಕಾಶ ಬಿಟ್ಟುಹೋಗುವಷ್ಟು ಮಾಸ್ಕಿಂಗ್. ರೇಡಿಯಸ್ 2 ದಾಟಿದರೆ ಬೆಟ್ಟದ ಅಂಚಿಗೆ ಆಕಾಶದ ಕಡೆ ಬಿಳಿ ಗೆರೆ ಎಳೆದಂತಾಗುತ್ತದೆ. ಹೇಲೋ ಎನ್ನುವುದು ಇದನ್ನೇ. ಒಮ್ಮೆ ಜೆಪೆಗ್‌ನಲ್ಲಿ ಕೂತರೆ ಅದನ್ನು ತೆಗೆಯುವ ದಾರಿ ನಮ್ಮ ಬಳಿಯೂ ಇಲ್ಲ. ಹಕ್ಕಿಯ ಫೋಟೋಗಳಲ್ಲಿ ಹಿನ್ನೆಲೆಗೆ ಪ್ರತ್ಯೇಕ ಮಾಸ್ಕ್ ಹಾಕಿ ಅಲ್ಲಿ ಮಾತ್ರ ನಾಯ್ಸ್ ಚೆನ್ನಾಗಿ ಸವರಿ, ಗರಿಗಳನ್ನು ಮುಟ್ಟದೆ ಬಿಡುತ್ತೇವೆ.

ಕಾಳು ಉಳಿಸುವ ಮಾತಿಗೆ ಬರೋಣ. 24 ಮೆಗಾಪಿಕ್ಸೆಲ್ ಚಿತ್ರದ ಅಗಲ 6000 ಪಿಕ್ಸೆಲ್. ಇಂಚಿಗೆ 100 ಪಿಕ್ಸೆಲ್ ಇರುವ ಮಾನಿಟರಿನಲ್ಲಿ ಅದನ್ನು 100%ರಲ್ಲಿ ನೋಡುವುದೆಂದರೆ 5 ಅಡಿ ಅಗಲದ ಪ್ರಿಂಟಿಗೆ ಮೂಗು ತಾಗಿಸಿ ನೋಡಿದ ಹಾಗೆ. ಅದೇ ಚಿತ್ರ 8×12 ಇಂಚಿನ ಪ್ರಿಂಟಾಗುವಾಗ ಇಂಚಿಗೆ 300ರಂತೆ 3600 ಪಿಕ್ಸೆಲ್‌ಗೆ ಕುಗ್ಗುತ್ತದೆ. ಕುಗ್ಗುವಾಗ ಪಿಕ್ಸೆಲ್‌ಗಳು ಒಂದರೊಳಗೊಂದು ಸೇರಿ ಸರಾಸರಿಯಾಗುವುದರಿಂದ ಕಾಳು ತಾನಾಗಿಯೇ ತಗ್ಗುತ್ತದೆ. ಪರದೆಯ ಮೇಲೆ ಕಂಡದ್ದನ್ನೆಲ್ಲ ಅಳಿಸಿ ಕಳಿಸಿದರೆ ಕಾಗದದ ಮೇಲೆ ಪ್ಲಾಸ್ಟಿಕ್ ಮುಖ ಮಾತ್ರ ಉಳಿಯುತ್ತದೆ. ನುಣುಪಾದ ಆಕಾಶದಲ್ಲಿ ಅಲ್ಪಸ್ವಲ್ಪ ಕಾಳು ಇರುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು: ಪೂರ್ತಿ ಸವರಿದ ಆಕಾಶ 8 ಬಿಟ್ ಫೈಲಿನಲ್ಲಿ (ಪ್ರತಿ ಬಣ್ಣಕ್ಕೆ 256 ಹಂತ ಮಾತ್ರ) ಮೆಟ್ಟಿಲು ಮೆಟ್ಟಿಲಾಗಿ ಪಟ್ಟೆ ಕಟ್ಟುತ್ತದೆ.

ಹಾಗಾಗಿ ಆರ್ಡರ್ ಕೊಡುವಾಗಲೇ ಪ್ರಿಂಟಿನ ಅಳತೆ ಮತ್ತು ಕಾಗದ ಯಾವುದೆಂದು ತಿಳಿಸಿ. ಮ್ಯಾಟ್ ಕಾಗದದಲ್ಲಿ ಶಾಯಿ ಸ್ವಲ್ಪ ಹರಡುವುದರಿಂದ ಗ್ಲಾಸಿ (ಹೊಳಪಿನ) ಕಾಗದಕ್ಕಿಂತ ಹೆಚ್ಚು ಶಾರ್ಪ್‌ನಿಂಗ್ ಬೇಕಾಗುತ್ತದೆ. ಈ ಕೊನೆಯ ಶಾರ್ಪ್‌ನಿಂಗನ್ನು ಅಳತೆಗೆ ಕುಗ್ಗಿಸಿದ ಮೇಲೆ ನಾವೇ ಹಾಕುತ್ತೇವೆ. ಸಾಧ್ಯವಿದ್ದರೆ ರಾ ಫೈಲನ್ನೇ, ನೀವು ಎಡಿಟ್ ಮಾಡಿದ್ದರೆ ಅದರ ಎಕ್ಸ್‌ಎಂಪಿ ಫೈಲನ್ನೂ (ಎಡಿಟ್ ಮಾಡಿದ ಅಂಕಿಗಳಿರುವ ಪುಟ್ಟ ಫೈಲು) ಜೊತೆಗಿಟ್ಟು ಕಳಿಸಿ. ಇಲ್ಲವಾದರೆ 16 ಬಿಟ್ ಟಿಫ್ ಇರಲಿ. ಎಕ್ಸ್‌ಪೋರ್ಟ್ ಮಾಡುವಾಗ ‘ಶಾರ್ಪನ್ ಫಾರ್’ ಎಂಬಲ್ಲಿ ಟಿಕ್ ತೆಗೆದುಬಿಡಿ, ಚಿತ್ರದ ಅಳತೆ ಬದಲಿಸಬೇಡಿ. ಜೆಪೆಗ್ ಮಾತ್ರ ಇದ್ದರೂ ತೆಗೆದುಕೊಳ್ಳುತ್ತೇವೆ, ಅದಕ್ಕೆ ನಾಯ್ಸ್ ಕೆಲಸ ಮಾಡುವುದಿಲ್ಲ.

ಒಂದೊಂದನ್ನೂ ನೋಡಿ ಮಾಡುವುದರಿಂದ ಕೆಲಸಕ್ಕೆ ಒಂದು ದಿನ ಹೆಚ್ಚು ಹಿಡಿಯುತ್ತದೆ, ದಯವಿಟ್ಟು ಅದಕ್ಕೆ ತಕ್ಕಂತೆ ಮುಂಚಿತವಾಗಿ ಕಳಿಸಿ. ದರದಲ್ಲಿ ಬದಲಾವಣೆ ಇಲ್ಲ. ಹಿಂದೆ ಮಾಡಿಸಿದ ಆಲ್ಬಮ್ಮಿಗೆ ಹೊಸ ಪುಟ ಸೇರಿಸುವವರಿಗೆ ಹಳೆಯ ನುಣುಪೇ ಬೇಕಾಗಬಹುದು. ಅಂಥವರು ಆರ್ಡರ್ ಚೀಟಿಯಲ್ಲಿ ‘ಹಳೆಯ ಸೆಟ್ಟಿಂಗ್’ ಎಂದು ಬರೆದರೆ ಸಾಕು, ಹಾಗೆಯೇ ಮಾಡಿಕೊಡುತ್ತೇವೆ.

ಇಂತಿ ನಿಮ್ಮ ವಿಶ್ವಾಸಿಗಳು,
ಲ್ಯಾಬ್ ಬಳಗ