ಅಕ್ಕನ ಮಾತ್ರೆ ಡಬ್ಬಿ

ಕುರ್ಲಾ, ಮುಂಬೈ

ಪ್ರೀತಿಯ ಶಾಹೀನ,

ಅಕ್ಕನ ಹಜ್ ಯಾತ್ರೆಯ ಬಗ್ಗೆ ನೀನು ಬರೆದ ಕಾಗದದಲ್ಲಿ ಉಳಿದದ್ದೇನೂ ತಲೆಗೆ ಹತ್ತಲಿಲ್ಲ. "ಮಾಮಾ, ಅಮ್ಮಿ ಅರಫಾತ ಬಯಲಿನ ಬಿಸಿಲಲ್ಲಿ ಬಿದ್ದುಬಿಟ್ಟರೆ?" ಅಂತ ಬರೆದಿದ್ದೀಯಲ್ಲ, ಅದೊಂದೇ ಸಾಲು ಕೊರೆಯುತ್ತಿದೆ.

ಸುಳ್ಳು ಭಯವೇನಲ್ಲ. 2024ರ ಹಜ್‌ನಲ್ಲಿ ಮಕ್ಕಾದ ತಾಪ 51.8 ಡಿಗ್ರಿ ಮುಟ್ಟಿತ್ತು, 1,300ಕ್ಕೂ ಹೆಚ್ಚು ಜನ ತೀರಿಕೊಂಡರು. ಆದರೆ ಅವರಲ್ಲಿ ಬಹುಪಾಲು ಪರ್ಮಿಟ್ ಇಲ್ಲದೆ ಹೋಗಿ, ನೆರಳು, ನೀರು, ಬಸ್ಸು ಸಿಗದೆ ನಡೆದವರು. ಅಕ್ಕ ಹೊರಟಿರುವುದು ಸರ್ಕಾರದ ಹಜ್ ಕಮಿಟಿಯಿಂದ.

ಔಷಧ ಅಂಗಡಿ ನಡೆಸಿದವನ ಬುದ್ಧಿ ಅನ್ನು, ನನಗೆ ಬಿಸಿಲಿಗಿಂತ ಅವಳ ಮಾತ್ರೆ ಡಬ್ಬಿಯ ಚಿಂತೆ. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ಇದ್ದರೆ, ಬೆವರಿನ ಜೊತೆ ಸೇರಿ ಮೈಯ ನೀರೇ ಬತ್ತುತ್ತದೆ. ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ಊಟ ತಪ್ಪಿದರೂ ತನ್ನ ಕೆಲಸ ಮಾಡಿಯೇ ತೀರುತ್ತದೆ. ಮಕ್ಕಾದ ಸಫಾ-ಮರ್ವಾ ಗುಡ್ಡಗಳ ನಡುವೆ ಏಳು ಸುತ್ತೆಂದರೆ ಮೂರು ಕಿಲೋಮೀಟರ್ ಮೀರುತ್ತದೆ, ಅಷ್ಟರಲ್ಲಿ ಶುಗರ್ ಇಳಿದುಬಿಡಬಹುದು. ಇವನ್ನು ಡಾಕ್ಟರೇ ಹೊಂದಿಸಬೇಕು, ನಾನಲ್ಲ, ಅಕ್ಕನೂ ಅಲ್ಲ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಐಸಿಗೆ ನೇರ ತಾಗದಂತೆ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟಂತೆಯೇ.

ಮತ್ತೆ ಬಿಸಿಲಿಗೇ ಬಂದೆ, ಬೇಜಾರಾಗಬೇಡ. ಮೊದಲು ಸ್ನಾಯು ಹಿಡಿಯುತ್ತದೆ, ತಲೆ ನೋಯುತ್ತದೆ, ವಾಂತಿ. ಆಗಲೇ ನೆರಳಲ್ಲಿ ಕೂರಿಸಿ ಓಆರ್‌ಎಸ್ ಕೊಡಲಿ, ಒಂದು ಲೀಟರಿನ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಮಾತು ತಡವರಿಸಿದರೆ, ಗುರುತು ಹಿಡಿಯದಿದ್ದರೆ ಅದು ಹೀಟ್ ಸ್ಟ್ರೋಕ್, ಮೈ 40 ಡಿಗ್ರಿ ದಾಟಿರುತ್ತದೆ. ಬೆವರುತ್ತಿದ್ದಾಳಲ್ಲ ಎಂದು ಸುಮ್ಮನಿರಬಾರದು. ಮೈಗೆ ನೀರು ಸುರಿದು ಬೀಸಬೇಕು, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸು. ಬಾಯಿಗೆ ನೀರು ಹಾಕಬಾರದು. ಪ್ಯಾರಸಿಟಮಾಲ್ ಈ ತಾಪಕ್ಕೆ ಆಗಿಬರುವುದಿಲ್ಲ. ಅಲ್ಲಿಯ ಆಂಬುಲೆನ್ಸ್ 997. ಜೊತೆಗೆ ಹೋಗುವ ಹೆಂಗಸರಿಗೂ ಇದನ್ನು ಓದಿ ಹೇಳು.

ಬಿಸಿಲು ಎಲ್ಲರ ಕಣ್ಣಿಗೆ ಬೀಳುತ್ತದೆ, ಕೆಮ್ಮು ಬೀಳುವುದಿಲ್ಲ. ಹಜ್ ಹೊತ್ತಿನಲ್ಲಿ ದೊಡ್ಡವರು ಆಸ್ಪತ್ರೆ ಸೇರುವುದಕ್ಕೆ ನ್ಯುಮೋನಿಯಾ ಬಲು ದೊಡ್ಡ ಕಾರಣ. ಗುಂಪು, ಟೆಂಟು, ನಿದ್ದೆಗೇಡು, ಇನ್ನೇನು ಬೇಕು? ಮೆನಿಂಜೈಟಿಸ್ ಲಸಿಕೆ ಕಡ್ಡಾಯ, ಅಲ್ಲಿ ಮುಟ್ಟುವ 10 ದಿನ ಮೊದಲೇ ಆಗಿರಬೇಕು. ಫ್ಲೂ ಲಸಿಕೆಯನ್ನೂ ಎರಡು ವಾರ ಮುಂಚೆ ಹಾಕಿಸು, ನ್ಯುಮೋನಿಯಾದ್ದನ್ನು ಡಾಕ್ಟರನ್ನೇ ಕೇಳು.

ನಮ್ಮಪ್ಪ ಹಜ್‌ಗೆ ದುಡ್ಡು ಕೂಡಿಸುವಷ್ಟರಲ್ಲಿ ಮಂಡಿ ಹೋಗಿತ್ತು, ಆಸೆ ಉಳಿದೇ ಹೋಯಿತು. ಮಕ್ಕಳ ಮದುವೆ, ಮನೆ ಸಾಲ ಎಲ್ಲ ಮುಗಿಸಿ ಮೈ ಸೋತ ಮೇಲೆ ಹೊರಡುವ ಜನ ನಾವು. ಅದಕ್ಕೇ ಅಕ್ಕನನ್ನು ತಡೆ ಎಂದು ನಿನಗೆ ಹೇಳಲಾರೆ. ಕಾಬಾ ಸುತ್ತುವ ತವಾಫನ್ನು ಗಾಲಿಕುರ್ಚಿಯಲ್ಲಿ ಮಾಡಬಹುದು, ಆಗದವರ ಪರವಾಗಿ ಬೇರೊಬ್ಬರು ಸೈತಾನನ ಕಂಬಕ್ಕೆ ಕಲ್ಲು ಎಸೆಯಬಹುದು. ಅವಳು ಒಪ್ಪುವುದು ಅನುಮಾನ, ಅಲ್ಲಿ ನಿನ್ನ ಜೋರು ನಡೆಯಬೇಕು. ಕಾಲಡಿ ಜೋಮು ಇರುವುದರಿಂದ ಬಿಸಿ ನೆಲ ಸುಟ್ಟರೂ ಗೊತ್ತಾಗದು. ಹೆಂಗಸರಿಗೆ ಹಜ್‌ನ ವ್ರತಸ್ಥಿತಿಯಾದ ಇಹ್ರಾಮ್‌ನಲ್ಲೂ ಕಾಲುಚೀಲಕ್ಕೆ ಅಡ್ಡಿಯಿಲ್ಲ.

ಈ ವಾರವೇ ಅವಳನ್ನು ಕೊಂಢ್ವಾದ ಡಾಕ್ಟರ ಹತ್ತಿರ ಕರೆದೊಯ್ಯಿ. ಚೀಟಿ ಸಾಲದು, ಡಬ್ಬಿಯನ್ನೇ ಒಯ್ದು ಅವರ ಮೇಜಿನ ಮೇಲೆ ಸುರಿ. ಏನು ಬದಲಾಯಿಸಿದರೆಂದು ಅವತ್ತೇ ರಾತ್ರಿ ಫೋನ್ ಮಾಡು.

ನಿನ್ನ ಮಾಮಾ