ಮಿತಿ ಮೀರಿ ದಿಮ್ಮಿ ಹೇರಿದ ಟ್ರೇಲರ್ ಮತ್ತು ನನ್ನ ಹೆಸರಿಗೆ ಬಂದ ಕ್ರೇನ್ ಬಿಲ್ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಮರ ಸಾಗಣೆ ಸಂಸ್ಥೆ, ಚಿಕ್ಕಬಳ್ಳಾಪುರ

ಮಾನ್ಯರೇ,

ಫೋನಿನಲ್ಲಿ ಸಮಾಧಾನದಿಂದ ಹೇಳಿದ್ದನ್ನು ನಿಮ್ಮ ಕಚೇರಿಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಿನ್ನೆ ಬಂದ ಬಿಲ್ ನೋಡಿದ ಮೇಲೆ ಸುಮ್ಮನಿರಲು ಸಾಧ್ಯವಿಲ್ಲ. ನಿಮ್ಮ ಟ್ರೇಲರಿನಿಂದ ರಸ್ತೆಗೆ ಉರುಳಿದ ದಿಮ್ಮಿಗಳನ್ನು ಎತ್ತಿದ ಕ್ರೇನಿನ ಬಾಡಿಗೆಯನ್ನು ನಾನು ಕೊಡಬೇಕಂತೆ. ಕಾರಣದ ಜಾಗದಲ್ಲಿ 'ಸರಕು ಜಾರಿದ್ದು' ಎಂದು ಬರೆದಿದ್ದೀರಿ. ಸರಕು ತಾನಾಗಿ ಜಾರಲಿಲ್ಲ. ಹೇರಬಾರದಷ್ಟು ಹೇರಿದ್ದರಿಂದ ಜಾರಿತು.

ನನ್ನ ನೀಲಗಿರಿ ತೋಪಿನ ಮರವನ್ನು ಗೌರಿಬಿದನೂರಿನ ಸಾಮಿಲ್ಲಿಗೆ ಮೂರು ಲೋಡಿನಲ್ಲಿ ಸಾಗಿಸುತ್ತೇವೆಂದು ಒಪ್ಪಿಕೊಂಡವರು ನೀವು. ಎರಡೇ ಲೋಡಿಗೆ ಮುಗಿಸಿ, ಮೂರು ಲೋಡಿನ ಬಾಡಿಗೆ ಹಿಡಿದುಕೊಂಡಿದ್ದೀರಿ. ಹಣದ ಮಾತು ಹಾಗಿರಲಿ. ಎರಡು ಆಕ್ಸಲ್‌ನ ಅಂದರೆ ಎರಡು ಚಕ್ರದಚ್ಚಿನ ಎಂಜಿನ್ ಗಾಡಿಗೆ ಎರಡು ಆಕ್ಸಲ್‌ನ ಟ್ರೇಲರ್ ಕೂಡಿದರೆ ಒಟ್ಟು ತೂಕ ಎಷ್ಟಿರಬೇಕೆಂದು ಸಾಗಣೆಯನ್ನೇ ಕಸುಬು ಮಾಡಿಕೊಂಡ ನಿಮಗೆ ಗೊತ್ತಿರಲೇಬೇಕು. 2018ರಲ್ಲಿ ಕೇಂದ್ರ ಸರ್ಕಾರ ಈ ಮಿತಿಯನ್ನು 35.2 ಟನ್ನಿನಿಂದ 39.5 ಟನ್ನಿಗೆ ಏರಿಸಿತು. ಇಷ್ಟು ಏರಿಸಿದ್ದೂ ನಿಮಗೆ ಸಾಲಲಿಲ್ಲ. ಎರಡನೇ ಲೋಡಿನ ತೂಕದ ಚೀಟಿಯಲ್ಲಿರುವುದು 51.5 ಟನ್.

ಆ ಚೀಟಿ ಪಡೆಯಲು ಹೋದಾಗ ನಡೆದದ್ದನ್ನು ನೀವು ಪೂರ್ತಿ ತಿಳಿಯಬೇಕು. ಗಾಡಿ ತೂಗುವ ವೇಬ್ರಿಡ್ಜಿನಲ್ಲಿ ನಿಮ್ಮ ಸೂಪರ್‌ವೈಸರ್ ಚೀಟಿಯನ್ನು ನಾಲ್ಕಾಗಿ ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು. ತೋರಿಸಿ ಎಂದೆ. "ಅಮ್ಮ, ನಿಮಗೆ ಹಣ ಬರುವುದು ಟನ್ ಲೆಕ್ಕದಲ್ಲಿ ತಾನೇ? ಹೆಚ್ಚಾದರೆ ನಿಮಗೇನು ನಷ್ಟ?" ಎಂದರು. ಟ್ರೇಲರಿನ ಎರಡೂ ಬದಿಯ ಗೂಟಗಳ ತಲೆಗಿಂತ ಮೇಲಕ್ಕೆ ಪೇರಿಸಿದ ದಿಮ್ಮಿಗಳನ್ನು ಇಳಿಸಿ, ಮೂರನೇ ಲೋಡಿಗೆ ಇಡಿ ಎಂದೆ. ಆಗ ಅವರು ಕೇಳಿದ್ದು ಇದು: "ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ? ಇದ್ದರೆ ಕಳುಹಿಸಿ, ಅವರ ಹತ್ತಿರ ಮಾತನಾಡುತ್ತೇನೆ." ಚಹಾ ಕುಡಿಯುತ್ತಿದ್ದ ಚಾಲಕರು ಲೋಟ ಹಿಡಿದುಕೊಂಡೇ ನಕ್ಕರು. ನಾನು ನಿಮಗೆ ಫೋನ್ ಮಾಡಿದೆ. ನೀವು ಫೋನನ್ನು ಅವರ ಕೈಗೇ ಕೊಡಲು ಹೇಳಿದಿರಿ. ಅವರು ಸ್ಪೀಕರ್ ಹಾಕಿದರು. "ಆಯಮ್ಮನನ್ನು ನೆರಳಿನಲ್ಲಿ ಕೂರಿಸಿ, ಕುಡಿಯಲು ನೀರು ಕೊಡು, ಗಾಡಿ ಬಿಡು" ಎಂದ ನಿಮ್ಮ ಧ್ವನಿಯನ್ನು ಅಲ್ಲಿದ್ದವರೆಲ್ಲ ಕೇಳಿದರು. ನಕ್ಕವರ ನಡುವೆ ತಲೆ ತಗ್ಗಿಸದೆ ನಿಲ್ಲುವುದು ಎಷ್ಟು ಕಷ್ಟವೆಂದು ನಿಮಗೆ ಅರ್ಥವಾಗದು. ಕೊನೆಗೆ ನನ್ನ ಮೇಲೆ ಕನಿಕರಪಟ್ಟು ತೂಕದ ಹುಡುಗನೇ ಚೀಟಿಯ ಇನ್ನೊಂದು ಪ್ರತಿ ಮುದ್ರಿಸಿ ಕೊಟ್ಟ. ಅದು ನನ್ನ ಬಳಿ ಭದ್ರವಾಗಿದೆ.

ನನ್ನ ಗಂಡ ಬದುಕಿರುವವರೆಗೂ ಲಾರಿ ಓಡಿಸಿದವರು. ಹೆಚ್ಚು ಭಾರ ಹೊತ್ತ ಗಾಡಿ ಇಳಿಜಾರಿನಲ್ಲಿ ಏನು ಮಾಡುತ್ತದೆ ಎನ್ನುವುದು ನಮ್ಮ ಮನೆಯಲ್ಲಿ ದಿನದ ಮಾತಾಗಿತ್ತು. ಬ್ರೇಕ್ ಡ್ರಮ್ ಕಾದು ಹಿಗ್ಗುತ್ತದೆ, ಅದನ್ನು ಒತ್ತಿ ಹಿಡಿಯುವ ಲೈನರಿನ ಹಿಡಿತ ಹೋಗುತ್ತದೆ, ಎಷ್ಟು ತುಳಿದರೂ ಗಾಡಿ ನಿಲ್ಲುವುದಿಲ್ಲ. ಹಿಂದಿನ ಟ್ರೇಲರ್ ಮುಂದಿನ ಗಾಡಿಯನ್ನು ತಳ್ಳಿದರೆ ಎರಡೂ ಮಡಚಿಕೊಂಡು ರಸ್ತೆಗೆ ಅಡ್ಡ ಬೀಳುತ್ತವೆ. ಸಿಪ್ಪೆ ಸುಲಿದ ಹಸಿ ನೀಲಗಿರಿಯಂತೂ ಎಣ್ಣೆ ಸವರಿದ ಹಾಗೆ ಜಾರುತ್ತದೆ. ಗೂಟದ ಮೇಲಿದ್ದ ಸಾಲುಗಳನ್ನು ನಿಮ್ಮವರು ಬಿಗಿದಿದ್ದು ಸರಪಳಿಯಿಂದಲ್ಲ, ಹಗ್ಗದಿಂದ.

ಮನಸ್ಸು ತಡೆಯದೆ ಪಕ್ಕದ ತೋಟದವರ ಕಾರಿನಲ್ಲಿ ಹಿಂದೆಯೇ ಹೋದೆ. ಮಂಚೇನಹಳ್ಳಿ ಕಡೆಯ ಕಣಿವೆ ಇಳಿಯುವಾಗ ಟ್ರೇಲರಿನ ಚಕ್ರಗಳಿಂದ ಹೊಗೆ ಬರುತ್ತಿತ್ತು, ಸುಟ್ಟ ಲೈನರಿನ ನಾತ ಕಾರಿನೊಳಗೆಲ್ಲ ತುಂಬಿತು. ತಿರುವಿನಲ್ಲಿ ಹಗ್ಗ ಹರಿಯಿತು. ಹಾಲಿನ ಕ್ಯಾನ್ ಕಟ್ಟಿಕೊಂಡು ಬೈಕಿನಲ್ಲಿ ಬರುತ್ತಿದ್ದ ಹುಡುಗನ ಮುಂದೆಯೇ ದಿಮ್ಮಿಗಳು ಉರುಳಿದವು. ಅವನು ಬೈಕನ್ನು ಚರಂಡಿಗೆ ಇಳಿಸಿದ್ದರಿಂದ ಬದುಕಿದ. ಮೊಣಕೈಯ ಚರ್ಮ ಕಿತ್ತುಹೋಗಿತ್ತು, ಕೈ ನಡುಗುತ್ತಿತ್ತು, ಆದರೂ ಹಾಲು ಚೆಲ್ಲಿತಲ್ಲ, ಡೇರಿಗೆ ಏನು ಹೇಳಲಿ ಎಂದು ಕೇಳುತ್ತಿದ್ದ. ನಿಮ್ಮ ಕಡೆಯಿಂದ ಈವರೆಗೆ ಅವನನ್ನು ಯಾರೂ ವಿಚಾರಿಸಿಲ್ಲ. ಬಿಲ್ ಮಾತ್ರ ತಪ್ಪದೆ ಬಂದಿದೆ.

ಮೋಟಾರು ವಾಹನ ಕಾಯ್ದೆಯ 194ನೇ ಕಲಮಿನ ಪ್ರಕಾರ ಮಿತಿ ಮೀರಿದ ಭಾರಕ್ಕೆ 20,000 ರೂಪಾಯಿ ದಂಡ, ಹೆಚ್ಚಾದ ಪ್ರತಿ ಟನ್ನಿಗೆ ಇನ್ನೂ 2,000. ನಿಮ್ಮ ಆ ಒಂದು ಲೋಡಿಗೆ 44,000 ರೂಪಾಯಿ. ಚಾಲಕ ಒಬ್ಬನೇ ಅಲ್ಲ, ಹಾಗೆ ಓಡಿಸಲು ಬಿಟ್ಟವರೂ ಅದಕ್ಕೆ ಹೊಣೆ. ಹೆಚ್ಚಿನ ಭಾರ ಇಳಿಸದೆ ಗಾಡಿ ಕದಲುವಂತೆಯೇ ಇಲ್ಲ. "ಗಾಡಿ ಬಿಡು" ಎಂದವರು ನೀವೇ ಎಂಬುದನ್ನು ಮರೆಯಬೇಡಿ.

ಕ್ರೇನ್ ಬಿಲ್ ರದ್ದಾಗಬೇಕು, ಸಾಗಿಸದ ಮೂರನೇ ಲೋಡಿನ ಬಾಡಿಗೆ ವಾಪಸಾಗಬೇಕು, ಆ ಹುಡುಗನ ಚಿಕಿತ್ಸೆಯ ಖರ್ಚು ಮತ್ತು ಹಾಲಿನ ನಷ್ಟವನ್ನು ನೀವು ಕೊಡಬೇಕು. ಒಂದು ವಾರದೊಳಗೆ ಲಿಖಿತ ಉತ್ತರ ಬಾರದಿದ್ದರೆ ತೂಕದ ಚೀಟಿ, ಹರಿದ ಹಗ್ಗದ ಫೋಟೊ, ಗಾಡಿಯ ನಂಬರ್ ಸಮೇತ ಪ್ರಾದೇಶಿಕ ಸಾರಿಗೆ ಅಧಿಕಾರಿಗೂ ಪೊಲೀಸ್ ಠಾಣೆಗೂ ದೂರು ಕೊಡುತ್ತೇನೆ. ಚಾಲಕ ಬಡವ, ಅವನ ಮೇಲೆ ಹಾಕಿ ನೀವು ಕೈತೊಳೆದುಕೊಳ್ಳಲು ಬಿಡುವುದಿಲ್ಲ. ನಮ್ಮ ಊರಿನ ಇನ್ನೆರಡು ತೋಪುಗಳ ಮರಕ್ಕೂ ನಿಮ್ಮ ಗಾಡಿಯೇ ಬರಲಿದೆ ಎಂದು ಕೇಳಿದ್ದೇನೆ. ಬರಲಿ. ಗೂಟದ ಮೇಲೆ ಒಂದು ದಿಮ್ಮಿ ಕಂಡರೂ ಊರಿನ ಹೆಂಗಸರೆಲ್ಲ ಸೇರಿ ಗಾಡಿಯನ್ನು ತಡೆಯುತ್ತೇವೆ, ಸಾರಿಗೆ ಅಧಿಕಾರಿ ಬರುವವರೆಗೆ ಅಲ್ಲಿಂದ ಏಳುವುದಿಲ್ಲ.

ಇಂತಿ,
ನೀಲಗಿರಿ ತೋಪಿನ ಮಾಲೀಕಳು
ಚಿಕ್ಕಬಳ್ಳಾಪುರ ತಾಲ್ಲೂಕು