ಹಿರಿಯ ಪೋಲ್‌ವಾಲ್ಟ್ ಪಟುಗಳ ಗುರಿ ಏನಿರಬೇಕು?

ಮಾನ್ಯ ಸಂಪಾದಕರೇ,

ಹಿರಿಯರ ಅಥ್ಲೆಟಿಕ್ಸ್ ಕುರಿತ ವರದಿಗಳಿಗೆ ಪತ್ರಿಕೆಗಳು ಸಾಮಾನ್ಯವಾಗಿ ‘ವಯಸ್ಸು ಬರೀ ಸಂಖ್ಯೆ’ ಎಂಬ ತಲೆಬರಹ ಕೊಡುತ್ತವೆ. ಪ್ರೋತ್ಸಾಹದ ಮಾತಾಗಿ ಅದಕ್ಕೆ ಆಕ್ಷೇಪವಿಲ್ಲ. ಆದರೆ ಅದನ್ನೇ ನಂಬಿ ಐವತ್ತು ದಾಟಿದ ಪೋಲ್‌ವಾಲ್ಟ್ ಪಟುವೊಬ್ಬರು ಇಪ್ಪತ್ತೈದರಲ್ಲಿ ಹಾರಿದ್ದ ಎತ್ತರವನ್ನೇ ಮತ್ತೆ ಗುರಿಯಾಗಿಟ್ಟುಕೊಂಡರೆ, ಸ್ಪರ್ಧೆಗಿಂತ ಮೊದಲೇ ಫಿಸಿಯೊಥೆರಪಿಸ್ಟರ ಬಾಗಿಲು ತಟ್ಟಬೇಕಾದೀತು.

ಕೋಲೂರಿ ಅಡ್ಡಪಟ್ಟಿಯನ್ನು (ಬಾರ್) ಹಾರಿ ದಾಟುವ ಈ ಕ್ರೀಡೆಯಲ್ಲಿ ಎತ್ತರಕ್ಕೆ ಮೂಲ ಬಂಡವಾಳ ಓಟದ ವೇಗ. ಸೆಕೆಂಡಿಗೆ 8 ಮೀಟರ್ ವೇಗದಲ್ಲಿ ಓಡಿಬರುವವರ ಚಲನಶಕ್ತಿಯೆಲ್ಲ ಎತ್ತರವಾಗಿ ಮಾರ್ಪಟ್ಟರೆ ದೇಹದ ಗುರುತ್ವಕೇಂದ್ರ ಸುಮಾರು 3.26 ಮೀಟರ್ ಮೇಲೇರುತ್ತದೆ, ವೇಗ 7.5ಕ್ಕೆ ಇಳಿದರೆ ಆ ಏರಿಕೆ 2.87 ಮೀಟರಿಗೆ ಕುಸಿಯುತ್ತದೆ. ನೋಡುವವರ ಕಣ್ಣಿಗೆ ಗೊತ್ತೇ ಆಗದಷ್ಟು ಸಣ್ಣ ನಿಧಾನಕ್ಕೆ ತೆರಬೇಕಾದ ದಂಡ ಹತ್ತಿರ ಹತ್ತಿರ 40 ಸೆಂಟಿಮೀಟರ್. ಆದ್ದರಿಂದ ಹಿರಿಯ ಪಟುವಿನ ಮೊದಲ ಗುರಿಯನ್ನು ಬಾರಿನ ಮೇಲಲ್ಲ, ಓಡಿಬರುವ ಪಥವಾದ ರನ್‌ವೇ ಮೇಲೆ ಗುರುತಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕೋಲು ಊರುವ ಗುಂಡಿಯಾದ ಬಾಕ್ಸ್‌ನಿಂದ 15 ಮೀಟರ್ ಮತ್ತು 5 ಮೀಟರ್ ದೂರದಲ್ಲಿ ಎರಡು ಗುರುತು ಹಾಕಿ, ಕೋಲು ಹಿಡಿದೇ ಓಡುವಾಗ ನಡುವಿನ 10 ಮೀಟರಿಗೆ ತಗಲುವ ಸಮಯವನ್ನು ಮೊಬೈಲ್ ವಿಡಿಯೊದಿಂದ ಲೆಕ್ಕ ಹಾಕಬಹುದು. 1.25 ಸೆಕೆಂಡ್ ಇದ್ದದ್ದು 1.33 ಆಗಿದ್ದರೆ ಮೇಲೆ ಹೇಳಿದ ನಷ್ಟ ಆಗಿಹೋಗಿದೆ ಎಂದೇ ಅರ್ಥ. ಕಳೆದ ವರ್ಷದ ಸಮಯವನ್ನು ಈ ವರ್ಷವೂ ಉಳಿಸಿಕೊಂಡವರು ನಿಜಕ್ಕೂ ಗೆದ್ದವರು.

ವಯಸ್ಸಾದಂತೆ ಸ್ನಾಯುಗಳ ಬಲಕ್ಕಿಂತ ಅವುಗಳ ಚುರುಕು ಬೇಗ ಕುಂದುತ್ತದೆ. ಹೀಗಿದ್ದೂ ಹಿರಿಯರಿಗೆಲ್ಲ ನಿಧಾನ ಓಟವನ್ನೇ ಸೂಚಿಸುವ ತರಬೇತುದಾರರಿದ್ದಾರೆ! ಅದು ಹೃದಯಕ್ಕೆ ಹಿತ, ಹಾರಾಟಕ್ಕೆ ನಿರುಪಯೋಗಿ. ಬೇಕಿರುವುದು ಸಾಕಷ್ಟು ವಿಶ್ರಾಂತಿಯ ನಡುವೆ ಚಿಕ್ಕ ಚಿಕ್ಕ ವೇಗದ ಓಟಗಳು, ಕೆಲವೇ ಬಾರಿ ಎತ್ತುವ ಭಾರದ ತೂಕಗಳು, ಮತ್ತು ವ್ಯಾಯಾಮದ ಅಡ್ಡಕಂಬಿಗೆ ಜೋತುಬಿದ್ದು ಕಾಲುಗಳನ್ನು ತಲೆಯ ಮೇಲಕ್ಕೆ ಒಯ್ಯುವ ವ್ಯಾಯಾಮ.

ಎರಡನೆಯ ಗುರಿ ನೆಲ ಬಿಡುವ ಕ್ಷಣಕ್ಕೆ ಸಂಬಂಧಿಸಿದ್ದು. ಆಗ ಜಿಗಿಯುವ ಪಾದ ಕೋಲನ್ನು ಮೇಲ್ಗಡೆ ಹಿಡಿದ ಕೈಯ ನೇರ ಕೆಳಗಿರಬೇಕು. ಪಾದ ಅದಕ್ಕಿಂತ ಮುಂದಕ್ಕೆ, ಬಾಕ್ಸ್‌ನ ಹತ್ತಿರಕ್ಕೆ ಬಿದ್ದರೆ ಕೋಲಿನ ಜಗ್ಗಾಟವೆಲ್ಲ ಭುಜಕ್ಕೂ ಸೊಂಟಕ್ಕೂ ಬೀಳುತ್ತದೆ. ಯುವಕರು ತಾಳಿಕೊಳ್ಳುವ ಆ ಏಟನ್ನು ಹಿರಿಯರ ಬೆನ್ನು ತಾಳುವುದಿಲ್ಲ. ವೇಗ ತಗ್ಗಿದವರು ಕೋಲನ್ನು ಹಿಡಿಯುವ ಜಾಗವನ್ನೂ ಕೆಳಕ್ಕೆ ತರಲೇಬೇಕು, ಇಲ್ಲವಾದರೆ ಕೋಲು ನೆಟ್ಟಗೆ ನಿಲ್ಲದೆ ಅವರನ್ನು ರನ್‌ವೇಗೇ ಹಿಂದಿರುಗಿಸಿಬಿಡುತ್ತದೆ. ಆದರೆ ಅದೇ ಕೋಲನ್ನು ಕೆಳಗೆ ಹಿಡಿದರೆ ಅದು ಇನ್ನಷ್ಟು ಗಡುಸಾಗಿ ವರ್ತಿಸುವುದರಿಂದ, ದೇಹತೂಕಕ್ಕೆ ಹೊಂದುವ, ಉದ್ದ ಕಡಿಮೆಯಿರುವ ಕೋಲಿಗೆ ಬದಲಾಗುವುದು ಲೇಸು. ಹಳೆಯ ಕೋಲನ್ನು ಬಿಟ್ಟುಕೊಡಲು ಅನೇಕರಿಗೆ ಅಭಿಮಾನ ಅಡ್ಡ ಬರುತ್ತದೆ. ದೇಹತೂಕಕ್ಕಿಂತ ಕಡಿಮೆ ತೂಕಕ್ಕೆಂದು ಗುರುತಾದ ಮೆದು ಕೋಲನ್ನು ಹಿಡಿಯುವುದಂತೂ ಅಪಾಯವೇ ಸರಿ.

ಪೂರ್ಣ ಓಟದ ಹಾರಾಟ ವಾರಕ್ಕೆ ಒಮ್ಮೆ ಸಾಕು. ಉಳಿದ ದಿನ ಆರೆಂಟು ಹೆಜ್ಜೆಗಳ ಓಟದಿಂದ ಹಾರಿದರೆ ತಂತ್ರವೂ ಕೆಡುವುದಿಲ್ಲ, ಹಿಮ್ಮಡಿಯ ಸ್ನಾಯುರಜ್ಜುವಿಗೂ ಬಿಡುವು ಸಿಗುತ್ತದೆ.

ಅಮೆರಿಕದ ಪೋಲ್‌ವಾಲ್ಟ್ ಪಟು ಜೆಫ್ ಹಾರ್ಟ್‌ವಿಗ್ 2008ರ ಒಲಿಂಪಿಕ್ ತಂಡಕ್ಕೆ ಆಯ್ಕೆಯಾದಾಗ ಅವರಿಗೆ 40 ವರ್ಷ. ಅವರ ಅತ್ಯುತ್ತಮ ಸಾಧನೆಯಾದ 6.03 ಮೀಟರ್ ಬಂದದ್ದು 2000ರಲ್ಲಿ. ತಂಡ ಸೇರಲು ಅವರು ಅದನ್ನು ಮೀರಬೇಕಾಗಿರಲಿಲ್ಲ.

ಹಿರಿಯರ ಸ್ಪರ್ಧೆಗಳಲ್ಲಿ 35ರಿಂದ ಆರಂಭಿಸಿ ಐದೈದು ವರ್ಷಗಳಿಗೊಂದು ವಯೋವರ್ಗವಿದೆ. ಮುಂದಿನ ವರ್ಗಕ್ಕೆ ಕಾಲಿಡುವ ವರ್ಷವನ್ನೇ ಕೇಂದ್ರವಾಗಿಟ್ಟು ತರಬೇತಿ ಯೋಜಿಸುವುದು ಜಾಣತನ. ಪತ್ರಿಕೆಗಳೂ ಫಲಿತಾಂಶ ಪ್ರಕಟಿಸುವಾಗ ಎತ್ತರದ ಪಕ್ಕದಲ್ಲಿ ವಯೋವರ್ಗವನ್ನು ತಪ್ಪದೆ ನಮೂದಿಸಬೇಕೆಂದು ಕೋರುತ್ತೇನೆ. 70ರ ವರ್ಗದ 3 ಮೀಟರನ್ನೂ 35ರ ವರ್ಗದ 3 ಮೀಟರನ್ನೂ ಒಂದೇ ಪಟ್ಟಿಯಲ್ಲಿ ಓದಿದವರಿಗೆ ಯಾವುದು ದೊಡ್ಡದೆಂದು ತಿಳಿಯುವುದಾದರೂ ಹೇಗೆ?

ಇತಿ,
ಹಿರಿಯ ಪೋಲ್‌ವಾಲ್ಟ್ ಪಟು